ಬೆಟ್ಟದ ಸವತಿ

"ಅಡುಗೆಮನೆ ಇನ್ನೂ ಎಷ್ಟು ದೂರನೋ?" ಎಂದು ಕಸಿಲ್ದಾ ಮತ್ತೆ ಕೇಳಿದಾಗ ಅಳಿಯ ರಮೀರೋ, ಬಸ್ಸಿನ ಕಿಟಕಿಯಾಚೆ ಏನೋ ಭಾರಿ ವಿಶೇಷ ಕಂಡವನಂತೆ ಕತ್ತು ತಿರುಗಿಸಿದ. ಆಚೆ ಇದ್ದದ್ದು ಬರೀ ಕಂದು ಮರಳುಗಾಡು.

"ಬಂತು ಅತ್ತೆ, ಇನ್ನೇನು ಬಂತು."

"ಕಲಾಮ ಊರು ಬಿಟ್ಟಾಗಿಂದ ಇದನ್ನೇ ಹೇಳ್ತಿದ್ದೀಯ. ಬೇರೆ ಮಾತೇ ಇಲ್ವಾ ನಿನ್ನ ಬಾಯಲ್ಲಿ?"

ಬೇರೆ ಮಾತು ಇತ್ತು, ತೊಂದರೆಯೇ ಅದು. ಮುದುಕಿಯ ಮಡಿಲಲ್ಲಿ ಮಗಳು ನೀಲ್ದಾಳಿಗೆಂದು ತಾನೇ ಹೊಲಿದ ಎರಡು ಏಪ್ರನ್‌ಗಳಿದ್ದವು. ತಾಮ್ರದ ಗಣಿಯಲ್ಲಿ ನೀಲ್ದಾ ಆಳುಗಳಿಗೆ ಅಡುಗೆ ಮಾಡುತ್ತಾಳೆಂದೇ ಆಕೆ ವರ್ಷದಿಂದ ನಂಬಿದ್ದಳು. ನಿಜಕ್ಕೂ ನೀಲ್ದಾ ಅದಿರಿನ ಲಾರಿ ಓಡಿಸುತ್ತಿದ್ದಳು. ಇವತ್ತು ಮನೆಯವರು ಬಂದು ಗಣಿ ನೋಡಬಹುದಾದ ದಿನ. "ದಾರೀಲಿ ನೀನೇ ಹೇಳ್ಬಿಡು" ಎಂದು ವಿಷಯವನ್ನು ಗಂಡನ ತಲೆಗೆ ಕಟ್ಟಿ ಅವಳು ಬೆಳಿಗ್ಗೆಯೇ ಪಾಳಿಗೆ ಹೋಗಿದ್ದಳು. ರಮೀರೋ ಉಗುಳಲೂ ಆಗದೆ ನುಂಗಲೂ ಆಗದೆ ಕೂತಿದ್ದ.

ಹೆಂಗಸರು ಗಣಿಗೆ ದುಡಿಯಲು ಹೋಗುವುದು ಕಲಾಮದ ಬೀದಿಗಳಿಗೆ ಹೊಸತಲ್ಲ. ಗಣಿ ಬಸ್ಸಿಗೆ ಕಾಯುವ ಸಾಲಿನಲ್ಲಿ ಈಗ ಹೆಂಗಸರು ಧಾರಾಳವಾಗಿ ಕಾಣುತ್ತಾರೆ. ಗಂಡಸರು ಹೆಣ್ಣುಮಕ್ಕಳಿಗೆ ಸೊಟ್ಟಸೊಟ್ಟಗೆ ಜಡೆ ಹೆಣೆದು ಶಾಲೆಗೆ ಕಳಿಸುತ್ತಾರೆ. ರಮೀರೋನ ಕುಂಬಳಕಾಯಿ ಸಾರಿಗಂತೂ ನೆರೆಹೊರೆಯಲ್ಲಿ ಹೆಸರೇ ಬಂದಿತ್ತು. ಆದರೆ ಕಸಿಲ್ದಾ ಬದುಕಿದ್ದು ಮೇಲಿನ ಹಳ್ಳಿಯಲ್ಲಿ. ಅಲ್ಲಿಯವರ ಪ್ರಕಾರ ಬೆಟ್ಟ ಹೆಣ್ಣು. ಅಗೆಯಲು ಬರುವ ಗಂಡಸರೆಲ್ಲ ಅವಳವರು. ಇನ್ನೊಬ್ಬ ಹೆಣ್ಣು ಒಳಗೆ ಕಾಲಿಟ್ಟರೆ ಸವತಿ ಬಂದಳೆಂದು ಮುನಿಸಿಕೊಂಡು ಅದಿರು ಬಚ್ಚಿಡುತ್ತಾಳೆ, ಇಲ್ಲವೇ ಚಾವಣಿ ಕೆಡವುತ್ತಾಳೆ. ಕಸಿಲ್ದಾಳ ಗಂಡ ಹಾಗೆ ಗಣಿ ಕುಸಿದೇ ಸತ್ತಿದ್ದ. ಅಂಥವಳ ಮುಂದೆ ನಿಜ ಹೇಳುವ ಧೈರ್ಯ ಮಗಳಿಗೇ ಇರಲಿಲ್ಲ, ಇನ್ನು ಅಳಿಯನಿಗೆ ಎಲ್ಲಿಂದ ಬರಬೇಕು?

ಬಸ್ಸು ನಿಂತಿತು. ಗಣಿಯ ಹುಡುಗಿಯೊಬ್ಬಳು ಎಲ್ಲರಿಗೂ ಹೆಲ್ಮೆಟ್ ಹಂಚಿದಳು.

"ಟೋಪಿ ತೆಗೀರಿ ಅಜ್ಜಿ."

"ಮಲಗೋವಾಗ ತೆಗೀತೀನಿ. ಅದರ ಮೇಲೇ ಇಡು."

ಟೋಪಿಯ ಮೇಲೆ ಹೆಲ್ಮೆಟ್ ಹೊತ್ತುಕೊಂಡೇ ಕಸಿಲ್ದಾ ಗಣಿಯಂಚಿನ ತಡೆಗಂಬಿಯವರೆಗೆ ನಡೆದಳು. ಮುಂದೆ ನೆಲವೇ ಇರಲಿಲ್ಲ. ಕಣ್ಣು ಹಾಯುವಷ್ಟು ಅಗಲಕ್ಕೆ ಭೂಮಿ ಬಾಯಿ ತೆರೆದಿತ್ತು. ಕೆಂಪು, ಬೂದಿ, ಹಸಿರು ಬಣ್ಣದ ಭಾರಿ ಮೆಟ್ಟಿಲುಗಳು ಸುತ್ತಿ ಸುತ್ತಿ ಇಳಿದಿದ್ದವು. ತಳದಲ್ಲಿ ಇರುವೆ ಗಾತ್ರದ ಏನೇನೋ ಹರಿಯುತ್ತಿದ್ದವು. ಎಷ್ಟು ಸಲ ನೋಡಿದ್ದರೂ ಇಲ್ಲಿ ನಿಂತಾಗ, ಮನುಷ್ಯರು ಇಂಥದ್ದನ್ನೂ ಮಾಡಿಟ್ಟರಲ್ಲ ಎಂದು ರಮೀರೋನಿಗೆ ಬೆರಗಾಗುತ್ತಿತ್ತು.

"ಬೆಟ್ಟ ಎಲ್ಲೋ?" ಎಂದಳು ಕಸಿಲ್ದಾ.

"ಇದೇ ಬೆಟ್ಟ ಅತ್ತೆ. ಅದರ ಹೊಟ್ಟೆ ನೋಡ್ತಿದ್ದೀರ."

ಅಷ್ಟರಲ್ಲಿ ಕಾಲಡಿ ನೆಲ ಅದುರಿತು. ಅವರು ನಿಂತ ಜಾಗಕ್ಕೆ ತುಸು ಕೆಳಗಿದ್ದ ಏರುದಾರಿಯಲ್ಲಿ ಮೂರಂತಸ್ತಿನ ಮನೆಯಷ್ಟು ಎತ್ತರದ ಹಳದಿ ಲಾರಿಯೊಂದು, ಬೆನ್ನ ತುಂಬ ಬಂಡೆ ಹೊತ್ತು ನಿಧಾನವಾಗಿ ಮೇಲೇರಿ ಬಂತು. ಅದರ ಒಂದು ಚಕ್ರವೇ ಎರಡಾಳು ಎತ್ತರವಿತ್ತು. ತುತ್ತತುದಿಯ ಕಿಟಕಿಯಿಂದ ಕೈಯೊಂದು ಬೀಸಿತು.

"ನಮ್ಮ ಕಡೆ ಕೈ ಬೀಸ್ತಿರೋದು ಯಾರೋ?"

ರಮೀರೋ ಹೆಲ್ಮೆಟ್ಟಿನ ಪಟ್ಟಿ ಸರಿಪಡಿಸಿಕೊಂಡ. "ನಿಮ್ಮ ಮಗಳು."

"ಅಡುಗೆ ಸಾಗಿಸ್ತಿದ್ದಾಳಾ?"

"ಅಲ್ಲ ಅತ್ತೆ. ಅವಳೇ ಓಡಿಸ್ತಿರೋದು."

ಕಸಿಲ್ದಾಳ ಕೈಯಿಂದ ಏಪ್ರನ್‌ಗಳು ಜಾರಿ ಬಿದ್ದವು. "ಇಳಿಸೋ ಅವಳನ್ನ!" ಎಂದು ಚೀರಿದಳು. ಅಕ್ಕಪಕ್ಕದವರು ತಿರುಗಿ ನೋಡಿದರು. "ಅಯ್ಯೋ ಪಾಪಿ, ಇಳಿಸೋ! ನಾನು ನಿನ್ನ ಮಾವನ್ನ ಕೊಂದಿದ್ದು ಸಾಲ್ದಾ?"

"ನೀವು ಕೊಂದ್ರಾ? ಏನತ್ತೆ ಹಂಗಂದ್ರೆ?"

ಆಕೆ ಕಂಬಿಗೆ ಒರಗಿ ನಿಂತಳು. ಸ್ವಂತ ಮಗಳಿಗೂ ಹೇಳದ್ದನ್ನು ಆಕೆ ಅಳಿಯನ ಮುಂದೆ ಹೇಳಿದಳು. "ಅವತ್ತು ಬುತ್ತಿ ಮರೆತು ಹೋಗಿದ್ರು. ನಾನು ತಗೊಂಡು ಹೋದೆ. ಗಣಿ ಬಾಗಿಲಲ್ಲಿ ನಿಂತು ಕೂಗಿದ್ರೆ ಯಾರೂ ಓ ಅನ್ನಲಿಲ್ಲ. ರೊಟ್ಟಿ ಬಿಸಿ ಇತ್ತು ಕಣೋ, ಆರಿ ಹೋಗುತ್ತಲ್ಲ ಅಂತ ಒಂದೆರಡು ಹೆಜ್ಜೆ ಒಳಗಿಟ್ಟೆ. ಅವರ ದೀಪ ಕಂಡಿತು, ಕೊಟ್ಟು ಬಂದೆ. ಸಂಜೆಗೆ ಚಾವಣಿ ಬಿತ್ತು."

"ಅತ್ತೆ, ಅಲ್ಲಿ ಚಾವಣಿಗೆ ಕೊಟ್ಟ ಮರದ ಆಸರೆಗೆ ಹುಳ ಹಿಡಿದಿತ್ತಂತೆ. ಊರೆಲ್ಲ ಹೇಳ್ತಾರೆ."

"ನಂಗೂ ಹೇಳಿದ್ರು. ಕಿವಿ ಕೇಳ್ತು, ಎದೆ ಕೇಳಲಿಲ್ಲ."

ಏಪ್ರನ್‌ಗಳನ್ನು ಎತ್ತಿಕೊಡಲು ಬಂದ ಗಣಿಯ ಹುಡುಗಿಯ ತೋಳನ್ನು ಕಸಿಲ್ದಾ ಗಟ್ಟಿಯಾಗಿ ಹಿಡಿದಳು. "ಮಗಾ, ಕೆಳಗೆ ನನ್ನ ಮಗಳ ಹಾಗೆ ಇನ್ನೂ ಹೆಂಗಸರಿದ್ದಾರಾ?"

"ಬೇಕಾದಷ್ಟು ಜನ ಇದ್ದೀವಿ ಅಜ್ಜಿ! ಅಗೋ, ತಳದಲ್ಲಿ ಬಂಡೆ ಬಾಚಿ ತುಂಬ್ತಾ ಇದೆಯಲ್ಲ ಯಂತ್ರ, ಅದ್ರಲ್ಲಿರೋದು ನಮ್ಮಕ್ಕ. ಸಿಡಿಮದ್ದು ಇಡೋರಲ್ಲೂ ಇದ್ದೀವಿ."

"ದಿನಾ ಇಳೀತೀರಾ?"

"ಹಗಲೂ ರಾತ್ರಿನೂ. ಒಬ್ರು ಹತ್ತಿದ್ರೆ ಒಬ್ರು ಇಳೀತೀವಿ."

ಕಸಿಲ್ದಾ ಆಳಕ್ಕೆ ನೋಡಿದಳು. ನೋಡುತ್ತಲೇ ಇದ್ದಳು. ದೂರದಲ್ಲಿ ಬಂಡೆ ಸುರಿದ ಸದ್ದು ಗುಡುಗಿ, ಗೋಡೆಯಿಂದ ಗೋಡೆಗೆ ಉರುಳಿ ಅಡಗಿತು. ಬೆಟ್ಟ ಇದ್ದಲ್ಲೇ ಇತ್ತು.

"ಇಷ್ಟೊಂದು ಸವತಿಯರು," ಎಂದಳು ಕೊನೆಗೆ, ಪೂಜೆಯ ಹೊತ್ತಿನ ಪಿಸುದನಿಯಲ್ಲಿ. "ಆದ್ರೂ ಬೆಟ್ಟ ಸುಮ್ಮನೇ ಇದ್ದಾಳಲ್ಲೋ, ರಮೀರೋ."

ಅವನು ಹುಡುಗಿಯ ಕೈಯಿಂದ ಏಪ್ರನ್‌ಗಳನ್ನು ತೆಗೆದುಕೊಳ್ಳುತ್ತ ಹೌದೆಂದು ತಲೆಯಾಡಿಸಿದ.

ನೀಲ್ದಾಳ ಲಾರಿ ಬರಿದಾಗಿ ತಿರುಗಿ ಬಂತು, ಹಗುರವಾಗಿ ಇಳಿಜಾರು ಹಿಡಿಯಿತು. ಕಸಿಲ್ದಾ ಒಂದು ಕೈಯಿಂದ ಕಂಬಿ ಹಿಡಿದು, ಇನ್ನೊಂದರಿಂದ ಲಂಗವನ್ನು ತುಸು ಎತ್ತಿ, ಅವತ್ತಿನಂತೆ ಬೆಟ್ಟದೊಳಗೆ ಹೆಜ್ಜೆಯಿಡುವವಳ ಹಾಗೆ ಕೆಳಗಿನ ಸಂದಿಯಿಂದ ಬಲಗಾಲನ್ನು ಆಚೆಗೆ ಚಾಚಿದಳು. ಗಣಿಯ ಹುಡುಗಿ ತಡೆಯಲು ಮುಂದೆ ಬಂದಳು. ರಮೀರೋ ಬೇಡವೆಂದು ಸನ್ನೆ ಮಾಡಿದ. ಸವೆದ ಕರಿ ಬೂಟಿನ ಆ ಕಾಲು ಗಣಿಯ ಮೇಲೆ, ಬಿಸಿಲಿನಲ್ಲಿ, ಅಲುಗದೆ ನಿಂತಿತು.