ಇವತ್ತಿನ ಮೊದಲ ನಗು ಯಾರದು

ರಜೆಗೆ ಇನ್ನೂ ಎರಡು ತಿಂಗಳು ಇರುವಾಗಲೇ ವಿಮರ್ಶಕರ ಮನೆಗೆ ಆಟದ ಪೆಟ್ಟಿಗೆಗಳು ಬಂದು ಬೀಳತೊಡಗುತ್ತಿದ್ದವು. ವಿಮರ್ಶಕರು ಎಂದಾಕ್ಷಣ ಕಾವ್ಯ, ನಾಟಕ ಎಂದುಕೊಳ್ಳಬೇಡಿ. ವರ್ಷವಿಡೀ ಪತ್ರಿಕೆಗೆ ತರಕಾರಿ ಧಾರಣೆ, ಹವಾಮಾನ, ನೀರು ಬಾರದ ಬಡಾವಣೆಗಳ ಸುದ್ದಿ ಬರೆದು, ವರ್ಷಕ್ಕೊಮ್ಮೆ ‘ಈ ರಜೆಗೆ ಏನು ಉಡುಗೊರೆ ಕೊಡೋಣ?’ ಎಂಬ ಪುಟ ತುಂಬಿಸುವವರು ಅವರು. ಮಿಕ್ಕ ಸುದ್ದಿಗಳಲ್ಲಿ ಅವರ ಹೆಸರೂ ಇರುತ್ತಿರಲಿಲ್ಲ. ಈ ಪುಟದಲ್ಲಿ ಮಾತ್ರ ಹೆಸರಿನ ಜೊತೆಗೆ, ಕೈಯಲ್ಲಿ ದಾಳ ಹಿಡಿದುಕೊಂಡು ಮುಗುಳ್ನಗುವ ಫೋಟೋ ಇರುತ್ತಿತ್ತು. ಹಾಗಾಗಿ ಆ ಪುಟವೆಂದರೆ ಅವರಿಗೆ ಪ್ರಾಣ.

ಆಟವನ್ನು ಪರೀಕ್ಷಿಸಲು ಅವರದೇ ಒಂದು ಕ್ರಮವಿತ್ತು. ಸಂಜೆ ಊಟದ ಮೇಜಿನ ಮೇಲೆ ಪೆಟ್ಟಿಗೆ ಬಿಚ್ಚುವುದು, ಕನ್ನಡಕ ಒರೆಸಿಕೊಂಡು ನಿಯಮಗಳ ಪುಸ್ತಿಕೆಯನ್ನು ಒಂದಕ್ಷರ ಬಿಡದೆ ಗಟ್ಟಿಯಾಗಿ ಓದುವುದು, ಆಮೇಲೆ ಹೆಂಡತಿ, ಅತ್ತೆ, ಮಗಳನ್ನು ಕೂರಿಸಿಕೊಂಡು ಆಡುವುದು. ಮನೆ ನಕ್ಕರೆ ಆಟ ಪಾಸು. ನಗದಿದ್ದರೆ, ಪಾಪ, ಆಟಕ್ಕೆ ಅನ್ಯಾಯವಾಗಬಾರದು ಎಂದು ಮರುದಿನ ಮತ್ತೆ ಅದೇ ಆಟ. ಈ ಮರುದಿನದ ಕ್ರಮ ಜಾರಿಗೆ ಬಂದ ಮೇಲೆ ಮನೆ ನಗದೇ ಉಳಿದ ಸಂಜೆಯೇ ಇಲ್ಲ. ಎಲ್ಲ ಆಟಗಳಿಗೂ ಐದೈದು ನಕ್ಷತ್ರ. ಆಫೀಸಿನಲ್ಲಿ ಅವರಿಗೆ ‘ಐದು ನಕ್ಷತ್ರ’ ಎಂಬ ಅಡ್ಡಹೆಸರೇ ಬಿದ್ದಿತ್ತು. ಅದನ್ನು ಅವರು ಹೊಗಳಿಕೆ ಎಂದುಕೊಂಡಿದ್ದರು.

ಈ ವರ್ಷ ಸಂಪಾದಕರು ತಮ್ಮ ಗಾಜಿನ ಕೋಣೆಗೆ ಕರೆಸಿಕೊಂಡರು. ಸಂಪಾದಕರು ನಕ್ಕಿದ್ದನ್ನು ಕಂಡವರು ಆ ಕಟ್ಟಡದಲ್ಲಿ ಯಾರೂ ಇರಲಿಲ್ಲ.

“ಓದುಗರು ಬೈದು ಬೈದು ಬರೀತಿದ್ದಾರೆ,” ಎಂದರು. “ನೀವು ಹೇಳಿದ ಜಮೀನು ಕೊಳ್ಳೋ ಆಟ ಆಡಿ ಅಣ್ಣತಮ್ಮಂದಿರು ಇರೋ ಜಮೀನನ್ನೂ ಪಾಲು ಮಾಡ್ಕೊಂಡರಂತೆ. ಅದು ಹೋಗ್ಲಿ. ನೀವು ಹೊಗಳಿದ್ರಲ್ಲ, ಮೈಕ್ ಹಿಡ್ಕೊಂಡು ಹಾಡೋ ಯಂತ್ರ, ಅದನ್ನ ನಾನೇ ನಮ್ಮ ಭಾವಮೈದುನಂಗೆ ಕೊಟ್ಟೆ.”

“ಇಷ್ಟ ಆಗ್ಲಿಲ್ವಾ ಸಾರ್ ಅವರಿಗೆ?”

“ಇಷ್ಟ ಆಗಿದೆ ಕಣ್ರೀ. ಪ್ರತಿ ಭಾನುವಾರ ಅದನ್ನ ಹೊತ್ಕೊಂಡು ನಮ್ಮನೆಗೇ ಬರ್ತಾನೆ.”

ವಿಮರ್ಶಕರು ಕನ್ನಡಕ ತೆಗೆದು ಒರೆಸತೊಡಗಿದರು. ಸಂಪಾದಕರು ಮುಂದುವರಿಸಿದರು.

“ಯಾವ ಆಟ ತಗೊಂಡ್ರೂ ‘ಮನೆಮಂದಿಯೆಲ್ಲ ಬಿದ್ದು ಬಿದ್ದು ನಕ್ಕರು’ ಅಂತ ಬರೀತೀರಿ. ನಿಮ್ಮನೇಲಿ ಯಾರಿಗೂ ಬೇರೆ ಕೆಲಸ ಇಲ್ವಾ? ಈ ಸಲ ಒಂದೇ ಒಂದು ಆಟ ಸಾಕು. ನಿಜವಾಗ್ಲೂ ನಗು ಬರೋ ಆಟ. ಸಿಗಲಿಲ್ಲ ಅಂದ್ರೆ ಆ ಪುಟ ಅಡುಗೆ ವಿಭಾಗಕ್ಕೆ ಹೋಗುತ್ತೆ.”

ಅಂದು ಸಂಜೆ ವಿಮರ್ಶಕರು ಬಿಚ್ಚಿದ್ದು ದೀಪಸ್ತಂಭಗಳನ್ನು ಕಟ್ಟುವ ಆಟ. ಹಡಗುಗಳು ದಾರಿ ತಪ್ಪದಂತೆ ನೋಡಿಕೊಳ್ಳಬೇಕು, ಅಷ್ಟೆ. ಇಪ್ಪತ್ತು ಪುಟದ ನಿಯಮಗಳನ್ನು ಓದಿ ಮುಗಿಸಿ ದಾಳ ಎತ್ತಿಕೊಂಡರು. ದಾಳ ಇನ್ನೂ ಅವರ ಮುಷ್ಟಿಯಲ್ಲೇ ಇತ್ತು, ಅತ್ತೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಹಿಂದೆಯೇ ಹೆಂಡತಿ ನಕ್ಕಳು, ಕಣ್ಣು ಗಡಿಯಾರದ ಮೇಲಿತ್ತು. ಮಗಳು ಮೊಬೈಲಿನಿಂದ ತಲೆ ಎತ್ತದೆಯೇ ನಕ್ಕಳು. ಮೊದಲಾಗಿದ್ದರೆ ವಿಮರ್ಶಕರು ಹಿಗ್ಗಿಹೋಗುತ್ತಿದ್ದರು. ಆದರೆ ಸಂಪಾದಕರ ಮಾತು ಕಿವಿಗೆ ಹೊಕ್ಕ ನೀರಿನಂತೆ ಗುಂಯ್‌ಗುಡುತ್ತಿತ್ತು. ಏನೂ ಆಗದೆ ಇವರು ನಕ್ಕದ್ದಾದರೂ ಯಾತಕ್ಕೆ? ಐದು ನಕ್ಷತ್ರ ಎಂದು ಅವರ ಬಾಯಿಂದ ಬಂದದ್ದೇ ತಡ, ಮೂವರೂ ಎದ್ದು ತಂತಮ್ಮ ದಾರಿ ಹಿಡಿದರು. ದೀಪಸ್ತಂಭಗಳ ನಡುವೆ ಅವರೊಬ್ಬರೇ ಉಳಿದರು.

ಮರುದಿನ ಶನಿವಾರ. ಅವರು ಮಧ್ಯಾಹ್ನವೇ ಇನ್ನೊಂದು ಪೆಟ್ಟಿಗೆ ಬಗಲಲ್ಲಿಟ್ಟುಕೊಂಡು ಮನೆಗೆ ಬಂದರು. ಚಪ್ಪಲಿ ಬಿಡುತ್ತಿದ್ದಂತೆ ಒಳಗಿನಿಂದ ನಗು ಕೇಳಿಸಿತು. ಅವರು ಇಷ್ಟು ವರ್ಷ ಕೇಳಿದ ನಗು ಅದಾಗಿರಲಿಲ್ಲ. ಇದರಲ್ಲಿ ಗೊರಕೆಯಂಥ ಸದ್ದಿತ್ತು, ಬಿಕ್ಕಳಿಕೆಯಿತ್ತು, ಯಾರೋ ಮೇಜು ಗುದ್ದುತ್ತಿದ್ದರು. ಮೆಲ್ಲಗೆ ಹೋಗಿ ಅಡುಗೆಮನೆಯ ಬಾಗಿಲ ಸಂದಿಯಲ್ಲಿ ಇಣುಕಿದರು.

ಮಗಳು ಅವರ ಹಳೆಯ ಕನ್ನಡಕವನ್ನು ಮೂಗಿನ ತುದಿಗೆ ಏರಿಸಿಕೊಂಡು ಸೋಪಿನ ಡಬ್ಬವನ್ನು ಪುಸ್ತಿಕೆಯಂತೆ ಹಿಡಿದು ನಿಂತಿದ್ದಳು. ಎದುರಿಗೆ ಹೆಂಡತಿ ಮತ್ತು ಅತ್ತೆ ಕಣ್ಣೊರೆಸಿಕೊಂಡು, ಇನ್ನೊಂದು ಸುತ್ತಿಗೆ ತುಟಿ ಬಿಗಿಹಿಡಿದು ಕೂತಿದ್ದರು.

“ಮೊದಲು ನಿಯಮ,” ಎಂದಳು ಮಗಳು ಅಪ್ಪನದೇ ದನಿಯಲ್ಲಿ. “ನಿಯಮ ಓದದೆ ಸಂತೋಷಪಡೋದು ಅಪಾಯಕಾರಿ. ಈ ಸೋಪು ಎಂಟರಿಂದ ಎಂಬತ್ತು ವರ್ಷದವರೆಗಿನ ಎಲ್ಲರಿಗೂ ಹೇಳಿ ಮಾಡಿಸಿದ ಉಡುಗೊರೆ.”

ಹೆಂಡತಿ ತಡೆಯಲಾರದೆ ಕಿಸಕ್ಕನೆ ನಕ್ಕುಬಿಟ್ಟಳು.

“ಅಮ್ಮ ಸೋತಳು,” ಎಂದಳು ಮಗಳು. “ಇವತ್ತು ಸಂಜೆ ಮೊದಲ ನಗು ಅಮ್ಮಂದು.”

“ಅಬ್ಬಾ, ನಾನು ಬಚಾವಾದೆ,” ಎಂದರು ಅತ್ತೆ. “ನಿನ್ನೆ ನಕ್ಕು ನಕ್ಕು ನನ್ನ ಪಕ್ಕೆ ಹಿಡ್ಕೊಂಡಿದೆ.”

ವಿಮರ್ಶಕರಿಗೆ ಎಲ್ಲವೂ ಅರ್ಥವಾಯಿತು. ಮುಖಕ್ಕೆ ಹೊಡೆದಂತಾಯಿತು. ಇಷ್ಟು ವರ್ಷ ತಾವು ಹಂಚಿದ ನಕ್ಷತ್ರಗಳೆಲ್ಲ ಸೋತವರು ತೆತ್ತ ದಂಡ. ನಾಚಿಕೆಯಾಯಿತು, ಸಿಟ್ಟೂ ಬಂತು. ಅವೆರಡಕ್ಕಿಂತ ಹೆಚ್ಚಾಗಿ ಹೊಟ್ಟೆಯುರಿ. ತಮ್ಮದೇ ಮನೆಯಲ್ಲಿ ಇಷ್ಟು ಚೆಂದದ ಆಟ ನಡೆಯುತ್ತಿದೆ, ತಮ್ಮನ್ನು ಮಾತ್ರ ಸೇರಿಸಿಕೊಂಡಿಲ್ಲ.

ಬಾಗಿಲು ತಳ್ಳಿ ಒಳಗೆ ಹೋದರು. ಮಗಳ ಕೈಯಿಂದ ಸೋಪಿನ ಡಬ್ಬ ಜಾರಿತು. ಬೈಯಬೇಕೆಂದೇ ಬಾಯಿ ತೆರೆದರು. ಅಭ್ಯಾಸಬಲ, ಬಂದದ್ದು ಬೇರೆ ಮಾತು.

“ಇದು ಯಾವ ಕಂಪನಿದು?”

“ಕಂಪನಿ ಏನಿಲ್ಲ ರೀ,” ಎಂದಳು ಹೆಂಡತಿ ಸಣ್ಣ ದನಿಯಲ್ಲಿ. “ಕೂತ್ಕೊಳ್ಳಿ, ಚಹಾ ಮಾಡ್ತೀನಿ.”

“ಚಹಾ ಆಮೇಲೆ. ನನ್ನನ್ನೂ ಸೇರಿಸ್ಕೊಳ್ಳಿ.”

ಮೂವರೂ ಮುಖ ಮುಖ ನೋಡಿಕೊಂಡರು. ಮಗಳು ಕನ್ನಡಕ ತೆಗೆದು ಅವರ ಕೈಗಿಟ್ಟಳು. ವಿಮರ್ಶಕರು ಅದನ್ನು ಹಾಕಿಕೊಂಡು ಸೋಪಿನ ಡಬ್ಬ ಎತ್ತಿ, ಗಂಟಲು ಸರಿಮಾಡಿಕೊಂಡು ತಮ್ಮನ್ನೇ ಅನುಕರಿಸುತ್ತ ನಿಂತು ಮಾತಾಡಿದರು. ಯಾರೂ ನಗಲಿಲ್ಲ. ಇನ್ನೂ ಸ್ವಲ್ಪ ಮಾತಾಡಿದರು. ಅತ್ತೆಗೆ ಆಕಳಿಕೆ ಬಂತು.

“ಹಾಗಲ್ಲ,” ಎಂದರು ಅತ್ತೆ ಕೊನೆಗೆ. “ತಪ್ಪು ತಿಳ್ಕೋಬೇಡಿ, ನೀವು ಮಾಡೋದು ಸ್ವಲ್ಪವೂ ನಿಮ್ಮ ಥರ ಇಲ್ಲ. ನೀವು ಮೊದಲು ಕನ್ನಡಕ ಒರೆಸ್ತೀರಿ. ಆಮೇಲೆ ಬೆಳಕಿಗೆ ಹಿಡಿದು ನೋಡ್ತೀರಿ. ಮತ್ತೆ ಒರೆಸ್ತೀರಿ. ಅಷ್ಟೊತ್ತಿಗೆ ನಮಗೆ ಅರ್ಧ ನಿದ್ದೆ ಬಂದಿರುತ್ತೆ.”

ವಿಮರ್ಶಕರು ಹೇಳಿದಂತೆಯೇ ಮಾಡಿದರು. ಒರೆಸಿದರು, ಬೆಳಕಿಗೆ ಹಿಡಿದರು, ಮತ್ತೆ ಒರೆಸಲು ಹೋದಾಗ ಅದೆಷ್ಟು ಸಲೀಸಾಗಿ ಕೈ ತಾನಾಗಿಯೇ ಹೋಯಿತೆಂದರೆ, ಅವರಿಗೇ ನಗು ಉಕ್ಕಿಬಂತು. ಎಲ್ಲರಿಗಿಂತ ಮೊದಲು ಅವರೇ ನಕ್ಕರು.

“ಅಪ್ಪ ಸೋತ,” ಎಂದಳು ಮಗಳು. “ಸಂಜೆ ಮೊದಲ ನಗು ನಿಂದೇ.”

ಸಂಜೆ ಹೊಸ ಪೆಟ್ಟಿಗೆ ಬಿಚ್ಚಿದರು. ಬೇಲಿ ಕಟ್ಟಿ ಕುರಿ ಕೂಡಿಹಾಕುವ ಆಟ. ವಿಮರ್ಶಕರು ನಗಲು ಬಾಯಿ ತೆರೆದರು, ನಗು ಬರಲಿಲ್ಲ. ಕುರಿಗಳನ್ನು ದಿಟ್ಟಿಸಿದರು, ಬೇಲಿಯನ್ನು ದಿಟ್ಟಿಸಿದರು. ಹಲ್ಲು ಕಿರಿದು ಹೇಗೋ ಒಂದು ಸದ್ದು ಹೊರಡಿಸಿದರು, ಅದು ಕೆಮ್ಮಾಯಿತು. ಪೆಟ್ಟಿಗೆ ಮುಚ್ಚಿಬಿಟ್ಟರು.

“ಇಂಥ ಕಷ್ಟದ ಕೆಲಸನ ಯಾವಾಗಿನಿಂದ ಮಾಡ್ತಿದ್ದೀರಿ?” ಎಂದು ಕೇಳಿದರು.

ಹೆಂಡತಿ ಮೇಜಿನ ಮೇಲೆ ಉಳಿದ ಕುರಿಗಳನ್ನು ಆಯುತ್ತಾ ಹೇಳಿದಳು: “ಮೊದಲನೇ ಸಲ ನಿಮ್ಮ ಫೋಟೋ ಬಂದ ದಿನ ಪೇಪರ್ ತಗೊಂಡು ಓಡಿಬಂದ್ರಲ್ಲ, ನೆನಪಿದೆಯಾ? ಒಂದು ಚಪ್ಪಲಿ ಬಾಗಿಲ ಹೊರಗೆ, ಒಂದು ಕಾಲಲ್ಲಿ. ಅಷ್ಟು ಖುಷಿಯಾಗಿ ನಿಮ್ಮನ್ನ ನೋಡೇ ಇರ್ಲಿಲ್ಲ. ಅವತ್ತಿಂದ.”

ವಿಮರ್ಶಕರ ಕಣ್ಣು ತುಂಬಿತು. ಕನ್ನಡಕ ತೆಗೆದು ಒರೆಸಿದರು. ಈ ಸಲ ಯಾರೂ ಅದನ್ನು ನೋಡಿ ನಗಲಿಲ್ಲ.

ಆ ವರ್ಷದ ಪುಟದಲ್ಲಿ ಅವರು ಒಂದೇ ಆಟ ಬರೆದರು. ಬೆಲೆ: ಏನೂ ಇಲ್ಲ. ಬೇಕಾದ ಸಾಮಾನು: ಎಲ್ಲ ತಿಳಿದವರೊಬ್ಬರು ಮನೆಯಲ್ಲಿರಬೇಕು, ಇದ್ದೇ ಇರುತ್ತಾರೆ. ಅವರಂತೆ ನಟಿಸಬೇಕು, ಮೊದಲು ನಕ್ಕವರು ಸೋತರು. ಎಚ್ಚರಿಕೆ: ಆ ಒಬ್ಬರನ್ನೂ ಆಟಕ್ಕೆ ಸೇರಿಸಿಕೊಳ್ಳತಕ್ಕದ್ದು. ನಕ್ಷತ್ರ ಹಾಕಲಿಲ್ಲ.

ಸಂಪಾದಕರು ಅದನ್ನು ಎರಡು ಸಲ ಓದಿದರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಕೆಳಗೆ ಸಹಿ ಹಾಕಿ, “ಅಚ್ಚಿಗೆ ಹೋಗ್ಲಿ. ಪುಟ ನಿಮ್ಮ ಹತ್ರನೇ ಇರ್ಲಿ,” ಎಂದರು.

ವಿಮರ್ಶಕರು ಬಾಗಿಲವರೆಗೆ ಹೋಗಿದ್ದರು.

“ಒಂದು ನಿಮಿಷ,” ಎಂದು ಸಂಪಾದಕರು ಕರೆದರು. ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. “ನಮ್ಮನೇಲೂ ಹೊರಗಡೆಗೆ ನಗು ಕೇಳಿಸ್ತಿರುತ್ತೆ, ನಾನು ಒಳಗೆ ಹೋದ ತಕ್ಷಣ ಎಲ್ಲರೂ ಸುಮ್ಮನಾಗಿಬಿಡ್ತಾರೆ. ಟಿ.ವಿ. ನೋಡಿ ನಗ್ತಿದ್ರು ಅಂದ್ಕೊಂಡಿದ್ದೆ.”

“ಕೇಳಿ ನೋಡಿ ಸಾರ್, ಸೇರಿಸ್ಕೊಳ್ತಾರೆ.”

“ನನಗೆ ಬರುತ್ತೇನ್ರೀ ಅದು?”

“ಬರಲ್ಲ ಸಾರ್,” ಎಂದರು ವಿಮರ್ಶಕರು. “ಅವರೇ ಹೇಳಿಕೊಡ್ತಾರೆ.”