ಅಜ್ಜಿಯ ಅಂಗೈಯಲ್ಲಿ ಬಿಳಿ ಮಾತ್ರೆ

ಫ್ಯಾನ್ ತಿರುಗಿದಾಗಲೆಲ್ಲ ಡಾಕ್ಟರಮ್ಮನ ಕೈಯಲ್ಲಿರುವ ರಿಪೋರ್ಟಿನ ಮೂಲೆ ಎದ್ದು ಬೀಳುತ್ತಿದೆ, ಏ ಕಾಗದವೇ, ಹೀರೋ ಥರ ನೆಟ್ಟಗೆ ನಿಲ್ಲು, ಹೀಗೆ ಸೈಡ್ ಆ್ಯಕ್ಟರ್ ಥರ ಒದ್ದಾಡಬೇಡ — ಅದರೊಳಗೆ ನನ್ನ ಅಜ್ಜಿಯ ರಕ್ತದ ಕಥೆಯಿದೆ, ರಕ್ತ ಏರಿದ್ದರೆ ಮಂಡಿಯ ಆಪರೇಷನ್, ಏರದಿದ್ದರೆ ಅಜ್ಜಿ ಮತ್ತೆ ಮೂರನೇ ಮಹಡಿಯ ಕಿಟಕಿಗೆ ಗಲ್ಲ ಕೊಟ್ಟು ಕೂರಬೇಕು, ಬೀದಿಯಲ್ಲಿ ಹೋಗುವವರ ನಡಿಗೆಗೆ ಕಾಮೆಂಟರಿ ಕೊಡುತ್ತಾ. ಹೋದ ಸಲವೂ ಇದೇ ಕುರ್ಚಿ, ಕಬ್ಬಿಣದ ಮಾತ್ರೆ ತಗೊಂಡೂ ಯಾಕೆ ಏರಿಲ್ಲ ಅಜ್ಜಿ ಅಂತ ಡಾಕ್ಟರಮ್ಮ ಕೇಳಿದರೆ ಇವಳದು ಪಾಪದ ಮುಖ, ತಗೊಳ್ತಾ ಇದೀನಲ್ಲ ತಾಯಿ — ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ, ಯಾಕೆಂದರೆ ನಮ್ಮ ಮನೆಯಲ್ಲಿ ಯಾರೂ ಒಬ್ಬರೇ ಏನನ್ನೂ ತಿನ್ನುವಂತಿಲ್ಲ, ಅಜ್ಜಿಯ ಕಾನೂನು, ಒಂದು ಕಡಲೆಬೀಜ ಸಿಕ್ಕರೂ ಎರಡು ಹೋಳು, ಅಂಥವಳ ಕೈಗೆ ಕೆಂಪು ಮಾತ್ರೆಗಳ ಡಬ್ಬಿ ಕೊಟ್ಟರೆ ಬೆಳಿಗ್ಗೆ ತಿಂಡಿ ತಟ್ಟೆಯ ಪಕ್ಕ ಅಪ್ಪನಿಗೊಂದು, ಅಮ್ಮನಿಗೊಂದು, ನನಗೊಂದು, ಶಕ್ತಿ ಬರೋದು ಕಣೋ, ನಾನೊಬ್ಳೇ ಹೇಗೆ ನುಂಗ್ಲಿ, ಡಬ್ಬಿ ಬೇಗ ಖಾಲಿ, ಆಮೇಲೆ ಅವಳಿಗೇ ಇಲ್ಲ. ನಾವೂ ನುಂಗಿದ್ದೇ ನುಂಗಿದ್ದು, ಶಕ್ತಿಮಾತ್ರೆ ತಾನೇ, ವಿಷವಾ ಅಂತ — ಆಮೇಲೆ ಶುರುವಾಯಿತು ಬಾತ್‌ರೂಮ್ ಥ್ರಿಲ್ಲರ್, ಹೊಟ್ಟೆಯೆಲ್ಲ ಕಲ್ಲು, ಬಾಗಿಲ ಮುಂದೆ ಕ್ಯೂ, ಅಪ್ಪ ಬೆವರಿಕೊಂಡು ಹೊರಬಂದು ಅಮ್ಮನ ಕಿವಿಯಲ್ಲಿ, ಕಪ್ಪಗೆ ಹೋಗ್ತಿದೆ ಕಣೇ, ನನ್ ಕಥೆ ಮುಗೀತು, ಅಮ್ಮ ತಣ್ಣಗೆ, ನಂದೂ ಹಾಗೇ ರೀ. ಇದನ್ನು ಕೇಳಿ ಡಾಕ್ಟರಮ್ಮ ನಗಬೇಕೋ ಬೈಯಬೇಕೋ ತಿಳಿಯದೆ ಎರಡನ್ನೂ ಮಾಡಿದ್ದರು, ಕಬ್ಬಿಣ ಕಮ್ಮಿ ಇರೋರಿಗೆ ಮಾತ್ರ ಅದು, ಬೇಡದೋರಿಗೆ ತೊಂದ್ರೆ, ಟೀ ಜೊತೆ ಬೇಡ, ಹಂಚೋದಂತೂ ಬೇಡವೇ ಬೇಡ. ಅಜ್ಜಿ ತಲೆಯಾಡಿಸಿದಳು, ಮರುದಿನ ಹಂಚಿದಳು.

ಆಗ ನನ್ನ ಎಂಟ್ರಿ, ಸ್ಲೋ ಮೋಷನ್, ಕೈಯಲ್ಲಿ ಪೆಪ್ಪರ್‌ಮಿಂಟ್ ತುಂಬಿದ ಇನ್ನೊಂದು ಡಬ್ಬಿ, ಅಜ್ಜಿ, ಕಂಪನಿಯವರು ಹೊಸದು ಬಿಟ್ಟಿದ್ದಾರೆ, ಕೆಂಪು ಮಾತ್ರೆ ಮಂಡಿನೋವಿನೋರಿಗೆ, ಬಿಳೀದು ಮಿಕ್ಕೋರಿಗೆ ಹಂಚೋಕೆ, ಅವಳು ಮೂಸಿ, ಘಮ್ ಅಂತಿದೆಯಲ್ಲೋ ತರ್ಲೆ, ನಾನು ಎದೆ ತಟ್ಟಿ, ಈ ಮೊಮ್ಮಗ ಮಾತು ಕೊಟ್ರೆ ಮಾತ್ರೆನೂ ಸೆಲ್ಯೂಟ್ ಹೊಡೀಬೇಕು — ಅಂದಿನಿಂದ ದಿನಾ ಮೂಗಿನ ಮುಂದೆ ಆ ಅಂಗೈ, ಸುಕ್ಕು ಸುಕ್ಕು, ನಡುವೆ ಬಿಳಿ ಬಿಲ್ಲೆ, ಅಪ್ಪ ಕಣ್ಣು ಮುಚ್ಚಿ ನೀರಿನ ಜೊತೆ ನುಂಗುವ ನಟನೆ, ಒಂದು ದಿನ ತಡೆಯಲಾರದೆ ಕಟುಮ್ ಅಂತ ಕಡಿದು, ಹಲ್ಲುನೋವು ಅಮ್ಮಾ ಅಂತ ತಪ್ಪಿಸಿಕೊಂಡ, ಎಂಥಾ ಕಲಾವಿದ, ಮನೆಯಲ್ಲೇ ವೇಸ್ಟ್ ಆಗುತ್ತಿದ್ದಾನೆ. ಎಲ್ಲರಿಗೂ ಕೊಟ್ಟಾದ ಮೇಲೆ, ನೆಮ್ಮದಿಯಿಂದ, ಅಜ್ಜಿ ತನ್ನ ಕೆಂಪು ಮಾತ್ರೆ ನುಂಗುತ್ತಿದ್ದಳು.

ಡಾಕ್ಟರಮ್ಮ ಕನ್ನಡಕ ಮೇಲೇರಿಸುತ್ತಿದ್ದಾರೆ, ಹೇಳಿ ಮೇಡಂ, ಹಿನ್ನೆಲೆ ಮ್ಯೂಸಿಕ್ ನಿಲ್ಲಿಸಿ ಹೇಳಿ — ರಕ್ತ ಚೆನ್ನಾಗಿ ಏರಿದೆ ಅಜ್ಜಿ, ಆಪರೇಷನ್ ಮಾಡಿಬಿಡೋಣ. ಅಯ್ಯೋ, ಎದೆಯೊಳಗೆ ಇಡೀ ಥಿಯೇಟರ್ ಎದ್ದು ನಿಂತು ಶಿಳ್ಳೆ ಹೊಡೆಯುತ್ತಿದೆ, ಇನ್ನು ಮೂರು ಮಹಡಿ ಮೆಟ್ಟಿಲಿಳಿದು ಬರುತ್ತಾಳೆ ನನ್ನ ಹೀರೋಯಿನ್, ಆದರೆ ಅಜ್ಜಿ ತನ್ನ ರಕ್ತದ ಸುದ್ದಿ ಬಿಟ್ಟು ಡಾಕ್ಟರಮ್ಮನ ಮುಖವನ್ನೇ ನೋಡುತ್ತಾ, ನೀನೇ ಬಿಳಿಚ್ಕೊಂಡಿದೀಯಲ್ಲೇ ತಾಯಿ, ಊಟ ಮಾಡಿದ್ಯಾ, ಬಾಯಿ ತೆಗಿ — ಸೆರಗಿನ ಗಂಟು ಬಿಚ್ಚಿ ಮೇಜಿನ ಆಚೆಗೆ ಚಾಚಿಕೊಂಡ ಕೈ, ಡಾಕ್ಟರಮ್ಮನ ಹುಬ್ಬು ಬೈಗುಳಕ್ಕೆ ಏರುತ್ತಿದೆ, ನಾನು ಅಜ್ಜಿಯ ಬೆನ್ನ ಹಿಂದೆ ಕೈ ಮುಗಿದು ಕಣ್ಣಲ್ಲೇ ಇಡೀ ಕ್ಲೈಮ್ಯಾಕ್ಸ್ ನಟಿಸುತ್ತಿದ್ದೇನೆ, ಘಮ ಅವರ ಮೂಗಿಗೆ ತಲುಪಿತು, ಹುಬ್ಬು ಇಳಿಯಿತು, ನೀರು ಕೊಡಪ್ಪಾ ಅನ್ನುತ್ತಿದ್ದಾರೆ ಗಂಭೀರವಾಗಿ, ನಾನು ಲೋಟ ಚಾಚುತ್ತಿದ್ದೇನೆ, ನಗು ಪಕ್ಕೆ ಒಡೆಯುತ್ತಿದೆ, ಅವರ ಬೆರಳು ಮುಂದೆ ಬರುತ್ತಿದೆ, ಆ ಅಂಗೈ, ಸುಕ್ಕು ಸುಕ್ಕು, ನಡುವೆ ಬಿಳಿ ಬಿಲ್ಲೆ, ಅಂಗೈ ಖಾಲಿ —