ಬೇಡದ ಸದ್ದು

ಮನುಷ್ಯನ ಕಿವಿ ಮಹಾ ಸೋಮಾರಿ. ಅದಕ್ಕೆ ಎಲ್ಲವೂ ಕೇಳಿಸಬೇಕಾಗಿಲ್ಲ, ಬೇಕಾದದ್ದು ಕೇಳಿಸಿದರೆ ಸಾಕು. ಈ ಒಂದು ಮಾತನ್ನು ನಂಬಿಕೊಂಡು ನಾನು ಹನ್ನೊಂದು ವರ್ಷ ಅನ್ನ ತಿಂದಿದ್ದೇನೆ. ವಿಡಿಯೊ ಕರೆಯಲ್ಲಿ ಮಾತನ್ನು ಮಾತ್ರ ಉಳಿಸಿ, ಫ್ಯಾನಿನ ಗರಗರ, ನಾಯಿಯ ಬೊಗಳಾಟ, ಪಕ್ಕದ ಮನೆಯವರ ಡ್ರಿಲ್ಲು ಎಲ್ಲವನ್ನೂ ಅಳಿಸಿಹಾಕುವ ವ್ಯವಸ್ಥೆ ಕಟ್ಟುವುದು ನಮ್ಮ ತಂಡದ ಕೆಲಸ. ಯಾವುದು ಮಾತು, ಯಾವುದು ಗದ್ದಲ ಎಂದು ಅದಕ್ಕೆ ಮೊದಲು ಯಾರಾದರೂ ಕಲಿಸಬೇಕಲ್ಲ? ಕಲಿಸಿದವಳು ನಾನು. ಸ್ಪಂಜು ಹೊದಿಸಿದ ಕಿಟಕಿಯಿಲ್ಲದ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತು, ಸಾವಿರಾರು ತುಣುಕುಗಳನ್ನು ಕೇಳಿ, ಗುಂಡಿ ಒತ್ತಿ ಒತ್ತಿ ಬೇರೆ ಮಾಡಿದೆ. ಕೆಮ್ಮು, ಆಕಳಿಕೆ, ನರಳಾಟ, ಮಗುವಿನ ರಚ್ಚೆ, ಎಲ್ಲ ಗದ್ದಲದ ರಾಶಿಗೆ. ಎರಡು ಸೆಕೆಂಡಿನಲ್ಲಿ ತೀರ್ಮಾನವಾಗದಿದ್ದರೆ ಅದೂ ಗದ್ದಲವೇ ಎನ್ನುವುದು ನಮ್ಮ ನಿಯಮ. ನಿಯಮ ಬರೆದವಳೂ ನಾನೇ. ಅದಕ್ಕೆ ಬೆನ್ನು ತಟ್ಟಿಸಿಕೊಂಡವಳೂ ನಾನೇ.

ಅಣ್ಣ ಚಪ್ಪಲಿ ಅಂಗಡಿಯಲ್ಲಿ ಮಾರಾಟದ ಕೆಲಸಕ್ಕಿದ್ದ. ಕಾಲಿಗೆ ಹಿಡಿಯದ ಬೂಟನ್ನೂ ಮಾತಿನಲ್ಲೇ ಹಿಡಿಸಿ ಕಳಿಸುತ್ತಿದ್ದ ಬಾಯಿಬಡುಕ. ಅಂಥವನಿಗೆ ಪಾರ್ಶ್ವವಾಯು ಬಡಿದು ಬಲಗೈಯ ಜೊತೆ ಮಾತೂ ಹೋಯಿತು. ಬುದ್ಧಿ ಮಾತ್ರ ನೆಟ್ಟಗಿತ್ತು, ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು. ಅವನಿಗೆ ನಾನು, ನನಗೆ ಅವನು, ಬೇರೆ ಯಾರೂ ಇಲ್ಲ. ಅವನೂರಿನ ಆರೈಕೆ ಮನೆಯಲ್ಲಿ ಅವನನ್ನು ಬಿಟ್ಟು ಬರುವ ದಿನ ಮಾತು ಕಲಿಸುವ ಟೀಚರ್ ನನ್ನನ್ನು ಪಕ್ಕಕ್ಕೆ ಕರೆದರು.

"ಇನ್ನು ಸ್ವಲ್ಪ ದಿನಕ್ಕೆ ಬಾಯಿಂದ ಏನಾದ್ರೂ ಸದ್ದು ಹೊರಡಬಹುದು. ಅದು ಎಷ್ಟೇ ವಿಕಾರವಾಗಿರ್ಲಿ, ನೀವು ಉತ್ತರ ಕೊಡ್ಬೇಕು. ತಾನು ಕೂಗಿದ್ರೆ ಓಗೊಡೋರು ಇದ್ದಾರೆ ಅಂತ ಗೊತ್ತಾದ್ರೆ ಮಾತು ವಾಪಸ್ ಬರಬಹುದು. ಮೊದಲ ಕೆಲವು ತಿಂಗಳೇ ಮುಖ್ಯ."

"ದಿನಾ ಕರೆ ಮಾಡ್ತೀನಿ ಟೀಚರ್," ಎಂದೆ. ಒಂದು ದಿನವೂ ತಪ್ಪಿಸಲಿಲ್ಲ.

ಅವನ ಕೋಣೆಯಲ್ಲಿ ಹಳೇ ಫ್ಯಾನು, ಹೊರಗೆ ಊಟದ ತಳ್ಳುಗಾಡಿ, ಪಕ್ಕದ ಹಾಸಿಗೆಯವರ ಟಿವಿ. ಅದಕ್ಕೆಂದೇ ಹೊಸ ಫೋನ್ ಕೊಂಡು, ನಮ್ಮದೇ ವ್ಯವಸ್ಥೆ ಹಾಕಿ, ಸದ್ದು ಸೋಸುವ ಮಟ್ಟವನ್ನು ತುದಿಗೇರಿಸಿ, ಸ್ಟ್ಯಾಂಡಿಗೆ ಸಿಕ್ಕಿಸಿ ಬಂದೆ. ಆ ಗಲಾಟೆಯಲ್ಲಿ ಅಣ್ಣನ ಸಣ್ಣ ದನಿ ಮುಚ್ಚಿಹೋಗಬಾರದಲ್ಲ!

ದಿನಾ ಸಂಜೆ ಐದಕ್ಕೆ ಕರೆ. ಎರಡು ವಾರ ಅವನು ಸುಮ್ಮನೆ ನೋಡುತ್ತಿದ್ದ. ಆಮೇಲೆ ಬಾಯಿ ತೆರೆಯತೊಡಗಿದ. ಕತ್ತಿನ ನರ ಉಬ್ಬುತ್ತಿತ್ತು, ತುಟಿ ಒಂದು ಕಡೆ ಜೋಲುತ್ತಿತ್ತು. ಸದ್ದು ಮಾತ್ರ ಇಲ್ಲ.

"ಹ್ಞಾಂ, ಹಾಗೇ, ಇನ್ನೂ ಸ್ವಲ್ಪ! ಬರೀ ಗಾಳಿ ಬರ್ತಿದೆ ಕಣೋ. ಒಂದೇ ಒಂದು ಸದ್ದು ಮಾಡು ನೋಡೋಣ," ಎಂದು ಹುರಿದುಂಬಿಸಿದೆ.

ತಿಂಗಳಾಯಿತು, ಎರಡಾಯಿತು. ರೇಗತೊಡಗಿದೆ. ನನ್ನ ಬಾಯಿ ಒಳ್ಳೆಯದಲ್ಲ, ಚಿಕ್ಕಂದಿನಿಂದಲೂ. "ಗಿರಾಕಿ ಮುಂದೆ ಮಾತ್ರ ಬರೋದಾ ನಿನ್ನ ಬಾಯಿ? ನಾನು ಕೆಲಸ ಬಿಟ್ಟು ಬಂದು ಕೂರ್ತೀನಿ, ನೀನು ಪ್ರಯತ್ನಾನೇ ಮಾಡ್ತಿಲ್ಲ!" ಅವನು ಇನ್ನೂ ದೊಡ್ಡದಾಗಿ ಬಾಯಿ ತೆರೆದ. ಕಣ್ಣಲ್ಲಿ ನೀರಿತ್ತು. "ಆಕಳಿಕೆ ಬಂತಾ? ಸರಿ, ಮಲಕ್ಕೋ," ಎಂದು ಕರೆ ಮುಗಿಸಿದೆ. ಹಾಗೆ ಎಷ್ಟು ಸಲ ಮುಗಿಸಿದೆನೋ.

ನಾಲ್ಕನೆಯ ತಿಂಗಳು ಅವನು ಬಾಯಿ ತೆರೆಯುವುದನ್ನೂ ಬಿಟ್ಟ. ಹೆದರಿಕೆಯಾಗಿ ರಜೆ ಹಾಕಿ ರೈಲು ಹತ್ತಿದೆ.

ಆರೈಕೆ ಮನೆಯ ಬಾಗಿಲಲ್ಲೇ ಅವನನ್ನು ನೋಡಿಕೊಳ್ಳುವ ಸಿಸ್ಟರ್ ಸಿಕ್ಕರು. ಕೈಯಲ್ಲಿ ಒಗೆದ ಹಾಸಿಗೆ ಬಟ್ಟೆಗಳ ಗಂಟು.

"ಬಂದ್ರಲ್ಲ, ಒಳ್ಳೇದಾಯ್ತು. ಹೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡಿ ಮೇಡಂ. ಅವರು ಅಷ್ಟು ಕೂಗ್ತಿದ್ರು, ನೀವು ಒಂದ್ಸಲನಾದ್ರೂ ಶಭಾಷ್ ಅನ್ನಬಹುದಿತ್ತು."

"ಕೂಗ್ತಿದ್ರಾ? ಯಾರು?"

"ನಿಮ್ಮಣ್ಣಾನೇ. ಐದು ಗಂಟೆ ಕರೆಗೆ ನಾಲ್ಕಕ್ಕೇ ಫೋನ್ ನೋಡ್ತಾ ಕೂರೋರು. ನಿಮ್ಮ ಮುಖ ಕಂಡ್ರೆ ಸಾಕು, 'ಗೂ, ಗೂ' ಅಂತ ಇಡೀ ಕಟ್ಟಡಕ್ಕೆ ಕೇಳೋ ಹಾಗೆ. ನೀವು ನೋಡಿದ್ರೆ ಪ್ರಯತ್ನ ಮಾಡಲ್ಲ ಅಂತ ಬೈತಿದ್ರಿ. ಸರಿಯಾದ ಮಾತೇ ಬರ್ಲಿ ಅಂತ ಹಟ ಹಿಡಿದಿದ್ದಾರೇನೋ ಅಂದ್ಕೊಂಡು ನಾನು ಮಧ್ಯೆ ಬಾಯಿ ಹಾಕ್ಲಿಲ್ಲ."

ಗುಬ್ಬಿ. ಅಣ್ಣ ನನ್ನನ್ನು ಕರೆಯುವುದು ಹಾಗೆ. ಬೇರೆ ಯಾರೂ ಹಾಗೆ ಕರೆಯುವುದಿಲ್ಲ.

ನಮ್ಮ ವ್ಯವಸ್ಥೆಗೆ ಮಾತೆಂದರೆ ಮಾತು ಬಲ್ಲವರ ಮಾತು, ಅಷ್ಟೇ. ಆ 'ಗೂ' ಫ್ಯಾನಿನ ಜೊತೆ, ತಳ್ಳುಗಾಡಿಯ ಜೊತೆ ಅಚ್ಚುಕಟ್ಟಾಗಿ ಅಳಿಸಿಹೋಗಿತ್ತು. ಅವನು ಗಂಟಲು ಹರಿದುಕೊಳ್ಳುವುದನ್ನು ಪ್ರತಿ ಸಂಜೆಯೂ ಕಣ್ಣಾರೆ ನೋಡಿದ್ದೇನೆ. ಜಗತ್ತಿನಲ್ಲಿ ಒಬ್ಬರಿಗಾದರೂ ಅನುಮಾನ ಬರಬೇಕಿದ್ದರೆ ಅದು ನನಗೆ ಬರಬೇಕಿತ್ತು. ಬರಲಿಲ್ಲ. ನನ್ನ ಕೆಲಸದ ಮೇಲೆ ನನಗೆ ಅಷ್ಟು ನಂಬಿಕೆ.

"ಈಗ?" ಎಂದೆ.

"ಈಗಿಲ್ಲ. ಮೂರು ವಾರ ಆಯ್ತು. ಸೂಜಿ ಚುಚ್ಚಿದ್ರೂ ಹಾ ಅನ್ನಲ್ಲ. ಟೀಚರ್ ಕೂಡ ಬಂದು ನೋಡಿ ಕೈ ಚೆಲ್ಲಿದ್ರು."

ಅಣ್ಣ ಹಾಸಿಗೆಯಲ್ಲಿ ದಿಂಬಿಗೆ ಒರಗಿ ಕೂತಿದ್ದ. ನನ್ನನ್ನು ಕಂಡು ಮುಖ ಗೋಡೆಗೆ ತಿರುಗಿಸಿದ. ಹಾಸಿಗೆಯ ಅಂಚಿನಲ್ಲಿ ಕೂತು ಅವನ ಎಡಗೈ ಹಿಡಿದುಕೊಂಡೆ.

"ನಂಗೆ ಕೇಳಿಸ್ತಾನೇ ಇರ್ಲಿಲ್ಲ ಅಣ್ಣಾ. ನಿನ್ನಾಣೆ. ಫೋನು ಅಳಿಸಿ ಹಾಕ್ತಿತ್ತು. ನೀನು ಕೂಗಿದ್ದನ್ನ ಗದ್ದಲ ಅಂದ್ಕೊಳ್ತು ಅದು. ಹಾಗೆ ಅಂದ್ಕೋ ಅಂತ ಕಲಿಸಿದ್ದು ನಾನೇ."

ನಿಧಾನವಾಗಿ ಈ ಕಡೆ ತಿರುಗಿದ. ಬಹಳ ಹೊತ್ತು ನೋಡಿದ. ಎಲ್ಲ ಅರ್ಥವಾಯಿತು ಅವನಿಗೆ, ಅರ್ಥವಾಗದಿದ್ದರೇ ಚೆನ್ನಾಗಿತ್ತು. ಆಮೇಲೆ ಕೈ ಎತ್ತಿ ನನ್ನ ಕೆನ್ನೆ ಒರೆಸಿದ. ಅವನ ಸಿಟ್ಟಿಗೆ ಸಿದ್ಧಳಾಗಿದ್ದೆ, ಇದಕ್ಕೆ ಸಿದ್ಧಳಾಗಿರಲಿಲ್ಲ.

"ಕೂಗೋ. ಒಂದೇ ಸಲ. ನಾನು ಇಲ್ಲೇ ಇದ್ದೀನಲ್ಲ."

ಕತ್ತಿನ ನರ ಉಬ್ಬಿತು. ಬಾಯಿ ತೆರೆಯಿತು, ಇನ್ನೂ ದೊಡ್ಡದಾಗಿ ತೆರೆಯಿತು. ಉಸಿರು ನನ್ನ ಮುಖಕ್ಕೆ ತಾಗಿತು. ಬೇರೇನೂ ಬರಲಿಲ್ಲ.

"ಕೇಳಿಸ್ತು," ಎಂದೆ. "ಕೇಳಿಸ್ತು ಕಣೋ ಅಣ್ಣಾ."

ಅಣ್ಣನ ಕಿವಿಗೆ ಏನೂ ಆಗಿರಲಿಲ್ಲ. ಅವನು ನನ್ನ ಕೆನ್ನೆಯಿಂದ ಕೈ ತೆಗೆದ.